ಹಿಂಗಾಲಿಲ್ಲದ ಕುರ್ಚಿ

ಮಲಕಾಜಪ್ಪನ ಕುರ್ಚಿಗೆ ಹಿಂಗಾಲು ಇರಲಿಲ್ಲ. ಮುರಿದುಹೋದದ್ದಲ್ಲ, ಕಳೆದುಹೋದದ್ದೂ ಅಲ್ಲ. ಮಲಕಾಜಪ್ಪ ಇಟ್ಟೇ ಇರಲಿಲ್ಲ. ಒಂದೇ ಉಕ್ಕಿನ ಪೈಪು ನೆಲದ ಮೇಲೆ ಮಲಗಿ, ಮುಂದೆ ಬಂದು ಮೇಲೆದ್ದು, ಮೊಣಕಾಲೆತ್ತರದಲ್ಲಿ ಬಾಗಿ ಹಿಂದಕ್ಕೆ ಹೋಗಿ ಆಸನವಾಗಿ, ಅಲ್ಲಿಂದ ಮತ್ತೆ ಎದ್ದು ಬೆನ್ನಾಗುತ್ತಿತ್ತು. ಬೆನ್ನಿನಿಂದ ಕೈ ಇಡುವ ಎರಡು ತೋಳು ಮುಂದಕ್ಕೆ ಚಾಚಿದ್ದವು. ಕುಳಿತವರ ಭಾರವನ್ನೆಲ್ಲ ಮುಂದಿನ ಆ ಎರಡು ಬಾಗುಗಳೇ ಹೊರಬೇಕು. ಕುಳಿತರೆ ಕುರ್ಚಿ ಮೆಲ್ಲಗೆ ಕೆಳಗೆ ಜಗ್ಗುತ್ತದೆ, ಮತ್ತೆ ಎತ್ತುತ್ತದೆ. "ಉಕ್ಕು ಉಸರಾಡತೈತಿ" ಎನ್ನುತ್ತಿದ್ದ ಮಲಕಾಜಪ್ಪ. ಬೈಲಹೊಂಗಲದ ಜನಕ್ಕೆ ಉಸಿರಾಡುವ ಕುರ್ಚಿ ಬೇಕಿರಲಿಲ್ಲ, ಕಾಲಿರುವ ಕುರ್ಚಿ ಬೇಕಿತ್ತು.

ಇದು ಅರವತ್ತರ ದಶಕದ ಮಾತು. ಹೊಲದ ಕೆಲಸ ಬಿಟ್ಟು ಮುಂಬೈಗೆ ಹೋಗಿದ್ದ ಮಲಕಾಜಪ್ಪ ಅಲ್ಲಿ ಆಸ್ಪತ್ರೆಯ ಮಂಚ, ಆಫೀಸಿನ ಮೇಜು ಮಾಡುವ ಕಾರ್ಖಾನೆಯಲ್ಲಿ ಪೈಪು ಬಾಗಿಸುವುದನ್ನು ಕಲಿತ. ಅಲ್ಲಿಗೆ ಬರುತ್ತಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ವಿಲಾಯತಿಯ ಪೈಪಿನ ಕುರ್ಚಿಗಳ ಚಿತ್ರ ನೋಡಿದ. ಅವನಿಗೆ ಅವು ಮೆಚ್ಚುಗೆಯಾದವು, ಆದರೆ ಒಂದು ತಕರಾರೂ ಹುಟ್ಟಿತು. ಅವು ಕಾಲು ಇಳಿಬಿಟ್ಟು ನೆಟ್ಟಗೆ ಕೂಡುವ ಮಂದಿಯ ಕುರ್ಚಿಗಳು. ನಮ್ಮ ಮಂದಿ ಎಲ್ಲಿ ಕುಳಿತರೂ ಎರಡು ನಿಮಿಷಕ್ಕೆ ಕಾಲು ಮೇಲಕ್ಕೆಳೆದುಕೊಂಡು ಚಕ್ಕಳಮಕ್ಕಳ ಹಾಕುವವರು. ಊರಿಗೆ ಬಂದವನೇ ಆಸನವನ್ನು ಅಗಲ ಮಾಡಿದ, ಎತ್ತರ ಇಳಿಸಿದ, ಮಂಚದ ನವಾರಪಟ್ಟಿ ನೇಯ್ದ. ಪೈಪಿನೊಳಗೆ ಮಲಪ್ರಭೆಯ ಉಸುಕು ತುಂಬಿ, ಬೆಂಕಿ ತೋರಿಸದೆ, ಬರೀ ತೋಳಿನ ಬಲದಿಂದ ಬಾಗಿಸಿದ. ಬಾಗಿಗೆ ಬೆಂಕಿ ತಾಗಿದರೆ ಉಕ್ಕಿನ ಜೀವ ಹೋಗುತ್ತದೆ ಎಂಬುದು ಅವನ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಮಾತು. ಮಗಳು ಶೈಲಶ್ರೀ ಅದನ್ನು ಕೇಳುತ್ತಲೇ ದೊಡ್ಡವಳಾದಳು.

ಮಾಡಿದ ಮೊದಲ ಕುರ್ಚಿಯನ್ನು ಮದುವೆಯಾದ ಹೊಸದರಲ್ಲಿ ಮನೆಗೆ ತಂದು ನಡುಮನೆಯಲ್ಲಿಟ್ಟ. ಹೆಂಡತಿ ಬಾಯವ್ವ ದೂರದಿಂದಲೇ ನೋಡಿ, "ನಾ ಒಲ್ಯಾ. ಕುಂತ್ರ ಅಂಗಾತ ಬೀಳತೇನಿ" ಅಂದಳು. ಅತ್ತೆಯದಂತೂ ಕೇಳುವುದೇ ಬೇಡ. ಸೊಸೆ ಎಡಗೈಯವಳು, ಎಡಗೈಯಿಂದಲೇ ರೊಟ್ಟಿ ಬಡಿಯುತ್ತಾಳೆ, ಎಡಗೈಯಿಂದಲೇ ಚಾ ಕುಡಿಯುತ್ತಾಳೆ ಎಂದು ಮುದುಕಿ ಮೊದಲೇ ಕುದಿಯುತ್ತಿದ್ದಳು. "ಎಡಚಿ ಸೊಸಿ ಒಂದ ಬಂದಿತ್ತು, ಈಗ ಕಾಲಿಲ್ಲದ ಕುರ್ಚಿ ಒಂದ ಬಂತು" ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ಮಲಕಾಜಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಕುರ್ಚಿಯನ್ನು ಹೊತ್ತುಕೊಂಡು ಹೋಗಿ ರಾಮದುರ್ಗದ ಒಂದು ಫೋಟೊ ಸ್ಟುಡಿಯೊಕ್ಕೆ ಕೊಟ್ಟುಬಂದ.

ಸ್ಟುಡಿಯೊದಲ್ಲೂ ಅದರ ಮೇಲೆ ಯಾರೂ ಕೂಡಲಿಲ್ಲ. ಈಗಲೂ ಸವದತ್ತಿ, ರಾಮದುರ್ಗದ ಕಡೆ ಗೋಡೆಗಳ ಮೇಲೆ ಆ ಕಾಲದ ಮದುವೆಯ ಫೋಟೊ ಇದ್ದರೆ ನೋಡಬೇಕು: ಆ ಕಡೆ ಗಂಡು, ಈ ಕಡೆ ಹೆಣ್ಣು, ಇಬ್ಬರೂ ಕುರ್ಚಿಯ ಬೆನ್ನಿನ ಮೇಲೆ ಅಂಜುತ್ತಂಜುತ್ತ ಒಂದೊಂದು ಕೈ ಇಟ್ಟು ನಿಂತಿದ್ದಾರೆ. ನಡುವೆ ಕುರ್ಚಿ ಖಾಲಿ. ಮಲಕಾಜಪ್ಪ ಮುಂದೆ ಇನ್ನಷ್ಟು ಕುರ್ಚಿ ಮಾಡಿದ, ಅವೆಲ್ಲ ಹಳೇ ಕಬ್ಬಿಣದವನ ಗಾಡಿ ಹತ್ತಿದವು. ಕೊನೆಗೆ ಬೇಸತ್ತು, ಕಿತ್ತೂರಿನಿಂದ ರಾಮದುರ್ಗದವರೆಗೆ ಮಂದಿಯ ಮನೆಗಳಿಗೆ ಗೇಟು, ಕಿಟಕಿಯ ಸರಳು, ಮದುವೆಯ ತಿಜೋರಿ ಮಾಡುತ್ತ ಮುದುಕನಾಗಿ ತೀರಿಕೊಂಡ. ಹೆಸರು ಮಾತ್ರ 'ಎರಡು ಕಾಲಿನ ಮಲಕಾಜಪ್ಪ' ಎಂದೇ ಉಳಿಯಿತು.

ಶೈಲಶ್ರೀ ಬೈಲಹೊಂಗಲದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಇನ್ನೇನು ನಿವೃತ್ತಿಗೆ ಬಂದಿದ್ದಾಳೆ. ಈ ವಯಸ್ಸಿನಲ್ಲೂ ಸಂತೆಯಲ್ಲಿ ಯಾರಾದರೂ ಹಿರಿಯರು, "ನೀವು ಎರಡ ಕಾಲಿನ ಮಲಕಾಜಪ್ಪನ ಮಗಳಲ್ಲೇನ್ರಿ?" ಎಂದು ನಕ್ಕರೆ ಅವಳ ಮೈ ಉರಿಯುತ್ತದೆ. ಅಪ್ಪನ ಹೆಸರನ್ನು ಒಮ್ಮೆ, ಒಂದೇ ಒಂದು ಸಲ, ಯಾರಾದರೂ ನಗದೆ ಹೇಳಲಿ ಎಂಬುದಷ್ಟೇ ಅವಳ ಆಸೆ.

ಹಾಗಿರುವಾಗ ಸ್ನೇಹಲ್ ಎಂಬ ಹುಡುಗಿಯ ಫೋನು ಬಂತು. ಸವದತ್ತಿಯವಳು, ಮುಂಬೈಯ ಒಂದು ವಸ್ತುಸಂಗ್ರಹಾಲಯದಲ್ಲಿ ಕೆಲಸ. ಆ ಕಾಲದ ಲೋಹದ ಪೀಠೋಪಕರಣಗಳನ್ನೂ ಅವನ್ನು ಕಲ್ಪಿಸಿದವರನ್ನೂ ಕುರಿತು ದೊಡ್ಡ ಪ್ರದರ್ಶನವೊಂದನ್ನು ಅವರು ಮಾಡುವವರಿದ್ದರು. ತನ್ನ ಅಜ್ಜ ಅಜ್ಜಿಯ ಮದುವೆಯ ಫೋಟೊದಲ್ಲಿದ್ದ ಖಾಲಿ ಕುರ್ಚಿಯ ಬೆನ್ನು ಹತ್ತಿ, ಸ್ಟುಡಿಯೊದವರನ್ನು ಕೇಳಿ ಕೇಳಿ, ಅವಳು ಇಲ್ಲಿಯವರೆಗೆ ಬಂದಿದ್ದಳು. "ನಿಮ್ಮ ಅಪ್ಪಾರು ದೊಡ್ಡ ಡಿಸೈನರ್ ಇದ್ರು ನೋಡ್ರಿ ಮೇಡಂ" ಅಂದಳು. ಶೈಲಶ್ರೀ ಫೋನಿಟ್ಟು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಗಳಗಳ ಅತ್ತಳು. ಸ್ನೇಹಲ್ ಒಂದು ಮಾತನ್ನು ಒತ್ತಿ ಹೇಳಿದ್ದಳು: ಕುರ್ಚಿ ಮಲಕಾಜಪ್ಪ ಮಾಡಿದ ಹಾಗೆಯೇ ಇರಬೇಕು. ಆಕಾರ ಬದಲಾಗಿದ್ದರೆ ಒಯ್ಯಲಾಗುವುದಿಲ್ಲ. ಅಮಾವಾಸ್ಯೆಯ ಮರುದಿನ ಸಂಜೆ ತಾನೇ ಬಂದು ನೋಡುವುದಾಗಿ ತಿಳಿಸಿದ್ದಳು.

ಇನ್ನು ಉಳಿದಿದ್ದದ್ದು ಅದೊಂದೇ, ಸ್ಟುಡಿಯೊದ ಅಟ್ಟದ ಮೇಲಿನದು. ಸ್ಟುಡಿಯೊ ಮಾಲೀಕನ ಮೊಮ್ಮಗ ಸಂತೋಷದಿಂದ ಕೊಟ್ಟ. ಶೈಲಶ್ರೀ ಅದನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದಳು. ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗ ಮೇಲಿದ್ದವನ ಕೈ ಜಾರಿತು. ಕುರ್ಚಿ ಟಣ್ಣೆಂದು ರಸ್ತೆಗೆ ಬಿದ್ದು, ಬಲತೋಳು ಬೆನ್ನಿಗೆ ಸೇರುವಲ್ಲಿ ಬಿರುಕು ಬಿಟ್ಟಿತು. ಪುಣ್ಯಕ್ಕೆ ಬಾಗಿನಿಂದ ಅದು ದೂರ. ಎದುರಿಗೇ ಭರಮಪ್ಪನ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರೇಲರು, ಗೇಟು ಮಾಡುವ ಗಟ್ಟಿ ಕೈಯ ಮನುಷ್ಯ. ಬಿರುಕು ತೋರಿಸಿ, "ಇದನ್ನ ಕೂಡಿಸಿ ಇಡ್ರಿ ಭರಮಪ್ಪಣ್ಣ, ಅಮಾಸಿ ಮರುದಿನ ಬರತೇನಿ" ಅಂದಳು. ಇನ್ನೊಂದು ಮಾತು ಹೇಳಬೇಕಿತ್ತು. ಅಷ್ಟರಲ್ಲಿ ಬೈಲಹೊಂಗಲದ ಬಸ್ಸು ಹಾರ್ನ್ ಹೊಡೆಯಿತು, ಅವಳು ಓಡಿದಳು.

ಸ್ನೇಹಲ್ ಒಂದು ದಿನ ಮೊದಲೇ ಬರುತ್ತೇನೆ ಎಂದು ಮತ್ತೆ ಫೋನ್ ಮಾಡಿದ್ದರಿಂದ ಶೈಲಶ್ರೀ ಶಾಲೆಗೆ ಅರ್ಧ ದಿನ ರಜೆ ಹಾಕಿ ಅಮಾವಾಸ್ಯೆಯ ದಿನವೇ ಯರಗಟ್ಟಿಗೆ ಬಂದಳು. ಅಂಗಡಿಯ ಒಂದು ಬಾಗಿಲು ಮುಚ್ಚಿತ್ತು. ಹೊಸ್ತಿಲಲ್ಲಿ ಒಡೆದ ತೆಂಗಿನಕಾಯಿ, ಒಳಗೆ ವೆಲ್ಡಿಂಗ್ ಮಷಿನ್ನಿಗೆ ಕುಂಕುಮ, ಊದಿನಕಡ್ಡಿಯ ಹೊಗೆ. ಇವನ್ನೆಲ್ಲ ಅವಳ ಕಣ್ಣು ನೋಡಿತು, ತಲೆಗೆ ಹೋಗಲಿಲ್ಲ.

"ಬರ್ರಿ ಅಕ್ಕೋರ, ಬರ್ರಿ! ನಾಳೆ ಬರಾವ್ರು ಇವತ್ತ ಬಂದ್ರಿ? ಆಗ್ಲಿ, ನೋಡ್ರಿ ಹೆಂಗ ಮಾಡೇನಿ!" ಭರಮಪ್ಪ ಮೀಸೆಯಡಿಯಲ್ಲೇ ನಗುತ್ತ ಗೋಣಿತಟ್ಟು ಸರಿಸಿದ.

ಕುರ್ಚಿ ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಹಿಂದೆ ಎರಡು ಹೊಸ ಕಾಲು. ಅವಕ್ಕೆ ಫಳಫಳ ಹೊಳೆಯುವ ಬೆಳ್ಳಿ ಬಣ್ಣ. ಕೂಡಿಸಿದ ಜಾಗದಲ್ಲೆಲ್ಲ ಸೈಕಲ್ ಟ್ಯೂಬಿನ ಕರೀ ಪಟ್ಟಿ ಸುತ್ತಿತ್ತು.

"ಹಿಂದಿನ ಎರಡೂ ಕಾಲ ಎಲ್ಲೋ ಹರಕೊಂಡ ಬಿದ್ದಾವ ನೋಡ್ರಿ. ಪಾಪ, ಅವಸರದಾಗ ನೀವು ನೋಡಿಲ್ಲ. ಹಂಗ ಕೊಟ್ಟ ಕಳಿಸಿದ್ರ ಕುಂತು ಬಿದ್ದು ಸೊಂಟ ಮುರಕೋತೀರಿ ಅಂತ ನಾನ ಎರಡ ಹಚ್ಚೀನಿ. ಕುಂತ ನೋಡ್ರಿ, ಈಗ ಆನಿ ಕುಂತ್ರೂ ಅಳ್ಳಾಡಂಗಿಲ್ಲ!"

ಶೈಲಶ್ರೀಗೆ ಎದೆ ಧಸಕ್ಕೆಂದಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಪ್ಪ ಬದುಕಿದ್ದಾಗ ಜನ ನಕ್ಕರು, ಸತ್ತಮೇಲೂ ನಕ್ಕರು. ಈಗ ನಗು ನಿಲ್ಲುವ ಹೊತ್ತಿಗೆ, ಇದ್ದೊಂದು ಕುರ್ಚಿಯನ್ನೂ ತಾನೇ ಕೈಯಾರೆ ತಂದು ಕೊಲ್ಲಿಸಿದೆನಲ್ಲ ಎಂದುಕೊಂಡಳು.

"ಏನ್ ಮಾಡಿದ್ರಿ ಭರಮಪ್ಪಣ್ಣ! ಅದು ಇರೋದ ಹಂಗರಿ! ನಮ್ಮಪ್ಪ ಅದನ್ನ ಮಾಡಿದ್ದ ಹಂಗ!"

"ಅಲ್ರಿ, ಕಾಲಿಲ್ಲದ ಕುರ್ಚಿ ಯಾರರ ಮಾಡ್ತಾರೇನ್ರಿ?"

ಇದೇ ಮಾತನ್ನು ಅಪ್ಪ ಎಷ್ಟು ಬಾಯಲ್ಲಿ ಕೇಳಿರಬೇಕು! ಶೈಲಶ್ರೀಯ ಸಿಟ್ಟು ನೆತ್ತಿಗೇರಿತು. ವರ್ಗದಲ್ಲಿ ಕಿರುಚದ ಹೆಂಗಸು ಯರಗಟ್ಟಿಯ ಪೇಟೆಯಲ್ಲಿ ಕಿರುಚಿದಳು. "ನಮ್ಮಪ್ಪ ಮಾಡಿದ್ದ! ನಮ್ಮಪ್ಪ! ಬಾಗಿಗೆ ಬೆಂಕಿ ತೋರಿಸಿದ್ರ ಉಕ್ಕಿನ ಜೀವ ಹೋಗತೈತಿ ಅಂತಿದ್ದ. ನೀವು ಅಲ್ಲೇ ವೆಲ್ಡಿಂಗ ಹೊಡದ ಜೀವ ತಗದ್ರಿ. ಇನ್ನ ಕಡದ್ರೂ ಅಷ್ಟ, ಬಿಟ್ರೂ ಅಷ್ಟ. ಸಂಜಿಗೆ ಆ ಹುಡುಗಿ ಬರತಾಳ, ಏನ ತೋರಸ್ಲಿ ಆಕಿಗೆ?"

ಪಕ್ಕದ ಬೀಜದಂಗಡಿಯವರು ಇಣುಕಿ ನೋಡಿದರು. ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡ ಭರಮಪ್ಪ ಪೆಚ್ಚಾಗಿ ನಿಂತಿದ್ದವನು ಒಂದು ಮಾತಿಗೆ ತಲೆಯೆತ್ತಿದ.

"ವೆಲ್ಡಿಂಗಾ? ಕಾಲಿಗೆ ಯಾರ ಹೊಡದಾರ್ರಿ ವೆಲ್ಡಿಂಗ? ಇವತ್ತ ಅಮಾಸಿ ಅಲ್ಲೇನ್ರಿ!"

ಶೈಲಶ್ರೀಗೆ ಅರ್ಥವಾಗಲಿಲ್ಲ.

"ನಮ್ಮ ಅಜ್ಜ ಕುಲುಮಿ ಊದತಿದ್ದ ಕಾಲದಿಂದನೂ ಅಮಾಸಿ ದಿನ ನಾವು ಕಬ್ಬಿಣಕ್ಕ ಬೆಂಕಿ ಮುಟ್ಟಸಂಗಿಲ್ರಿ. ಅದಕ್ಕೂ ಒಂದಿನ ಸೂಟಿ ಬ್ಯಾಡೇನು? ಬಿರುಕ ಬಿಟ್ಟಿದ್ದಷ್ಟ ನಿನ್ನೆ ಕೂಡಿಸೇನಿ. ಇವತ್ತ ಪೂಜಿ ಆತು, ಕೆಲಸಿಲ್ಲ, ಕೈ ಸುಮ್ನ ಕುಂದರಬೇಕಲ್ಲ? ಕಾಲ ಹಚ್ಚಿದೆ. ಬೋರವೆಲ್ ಪೈಪಿನ ಕ್ಲ್ಯಾಂಪ್ ಹಾಕಿ ನಟ್ಟ ಬಿಗದೇನಿ. ನಾಳೆ ಮುಂಜಾನೆ ಬೆಂಕಿ ಹಚ್ಚಿ ಪಕ್ಕಾ ಮಾಡಾವ ಇದ್ದೆ."

ಹೇಳುತ್ತಲೇ ಅವನು ಕುಕ್ಕರಗಾಲಲ್ಲಿ ಕುಳಿತು ಟ್ಯೂಬಿನ ಪಟ್ಟಿ ಬಿಚ್ಚಿದ. ಅದರಡಿಯಲ್ಲಿ ಕ್ಲ್ಯಾಂಪು, ಕ್ಲ್ಯಾಂಪಿಗೆ ನಟ್ಟು. ಪಾನಾ ಹಾಕಿ ತಿರುವಿದ. ಒಂದು ಕಾಲು ಕಳಚಿ ನೆಲಕ್ಕೆ ಬಿದ್ದು ಸದ್ದು ಮಾಡಿತು, ಹಿಂದೆಯೇ ಇನ್ನೊಂದು. ಅಪ್ಪನ ಪೈಪಿನ ಮೇಲೆ ಕ್ಲ್ಯಾಂಪು ಕೂತ ಗುರುತು ಕೂಡ ಸರಿಯಾಗಿ ಮೂಡಿರಲಿಲ್ಲ.

ಶೈಲಶ್ರೀ ಅಂಗೈಯನ್ನು ನವಾರಪಟ್ಟಿಯ ಮೇಲಿಟ್ಟು ಒತ್ತಿದಳು. ಕುರ್ಚಿ ಮೆಲ್ಲಗೆ ಜಗ್ಗಿತು, ಕೈ ಸಡಿಲ ಬಿಟ್ಟಾಗ ಮೆಲ್ಲಗೆ ಎದ್ದಿತು. ಇನ್ನೊಮ್ಮೆ ಒತ್ತಿದಳು. ಮತ್ತೆ ಎದ್ದಿತು. ಹೋದ ಜೀವ ಬಂದಂತಾಯಿತು ಅವಳಿಗೆ. ಒಡೆದ ತೆಂಗಿನಕಾಯಿಯ ಪಕ್ಕದಲ್ಲೇ ಹೊಸ್ತಿಲ ಮೇಲೆ ಕುಳಿತು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ದಿನ ತಡವಾಗಿ ಬಂದಿದ್ದರೆ! ಅಮಾವಾಸ್ಯೆಯನ್ನು ಕೆಟ್ಟ ದಿನವೆನ್ನುವವರ ಬಾಯಿಗೆ ಬೆಲ್ಲ ಹಾಕಿ ಮುಚ್ಚಿಸಬೇಕು ಅನ್ನಿಸಿತು.

"ಬೈದೆ ಭರಮಪ್ಪಣ್ಣ, ಮನಸಿನ್ಯಾಗ ಇಟ್ಕೋಬ್ಯಾಡ್ರಿ."

"ಬೈರಿ, ಅದಕ್ಕೇನು. ಅಪ್ಪನ ವಸ್ತು ಅಂದ್ರ ಯಾರಿಗರ ಉರಿಯೂದ." ಭರಮಪ್ಪ ಕತ್ತು ಕೆರೆದುಕೊಂಡ. "ಇನ್ನೊಂದ ಹೇಳಿಬಿಡತೇನಿ ಅಕ್ಕೋರ. ಎಡಗಡೆ ತೋಳಿನ ಮ್ಯಾಲ ಪೈಪು ಜಜ್ಜಿದಂಗ ಚಪ್ಪಟಿ ಆಗೇತಿ. ಬಿದ್ದಾಗ ಆಗಿರಬೇಕು. ನಾಳೆ ಅದನ್ನೂ ತುಂಬಿ ಗುಂಡಗ ಮಾಡಬೇಕಂತಿದ್ದೆ."

ಶೈಲಶ್ರೀ ನೋಡಿದಳು. ಹೌದು, ಎಡತೋಳಿನ ತುದಿಯ ಹತ್ತಿರ ಪೈಪು ಅಂಗೈಯಷ್ಟು ಉದ್ದಕ್ಕೆ ಅಗಲವಾಗಿ ಚಪ್ಪಟೆಯಾಗಿತ್ತು. ಏಟು ಬಿದ್ದಿದೆ ಎಂದು ಅವಳಿಗೂ ಸಂಕಟವಾಯಿತು. ಆದರೂ, "ಕೈ ಮುಗೀತೇನಿ, ಇನ್ನ ಏನೂ ಮುಟ್ಟಬ್ಯಾಡ್ರಿ" ಅಂದಳು.

ತಪ್ಪಿನ ಭಾರವೋ ಏನೋ, ಭರಮಪ್ಪ ಅದನ್ನು ಬಸ್ಸಿಗೆ ಕೊಡಲು ಒಪ್ಪಲಿಲ್ಲ. ತನ್ನ ಟಂಟಂ ಗಾಡಿಯಲ್ಲಿ ಕೌದಿ ಹಾಸಿ ಕುರ್ಚಿಯನ್ನು ಮಲಗಿಸಿ, ಮುರಗೋಡದ ಮೇಲಿಂದ ಬೈಲಹೊಂಗಲದವರೆಗೆ ಒಂದು ತಗ್ಗಿಗೂ ಚಕ್ರ ಬೀಳದಂತೆ ನಡೆಸಿಕೊಂಡು ಬಂದ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದು ಬೈದು ಮುಂದೆ ಹೋದವು. ತಾನು ಮಾಡಿದ ಆ ಎರಡು ಬೆಳ್ಳಿ ಕಾಲುಗಳನ್ನು ಮಾತ್ರ ಸೀಟಿನ ಹಿಂದೆ ಇಟ್ಟುಕೊಂಡಿದ್ದ. ಯಾಕೆ ಎಂದು ಕೇಳಿದರೆ, "ಇರ್ಲಿ ಬಿಡ್ರಿ, ಯಾರಿಗರ ಅಂಜಿಕಿ ಬಂದ್ರ ಬೇಕಾಗತಾವ" ಅಂದ.

ಸ್ನೇಹಲ್ ಶೈಲಶ್ರೀಯ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮೂವತ್ತರ ಆಸುಪಾಸಿನ ಹುಡುಗಿ, ಕುರ್ಚಿ ಕಂಡವಳೇ ಚಪ್ಪಲಿ ಬಿಟ್ಟು ಅಂಗಳದಲ್ಲಿ ಮಂಡಿಯೂರಿ ಕುಳಿತುಬಿಟ್ಟಳು. ಬಾಗುಗಳ ಮೇಲೆ ಬೆರಳಾಡಿಸಿದಳು, ಕೆಳಗೆ ಬಗ್ಗಿ ನೋಡಿದಳು, ನವಾರಪಟ್ಟಿಯನ್ನು ಮೂಸಿಯೂ ನೋಡಿದಳು. ಭರಮಪ್ಪ ತಾನು ಕೂಡಿಸಿದ ಬಿರುಕಿನ ಹತ್ತಿರ ಅವಳ ಕೈ ಹೋದಾಗಲೆಲ್ಲ ಆಕಾಶ ನೋಡುತ್ತಿದ್ದ.

"ಬಿರುಕ ಕೂಡಿಸಿದ್ದಕ್ಕ ಅಡ್ಡಿ ಇಲ್ರಿ. ಆಕಾರ ಹೆಂಗಿತ್ತೋ ಹಂಗ ಐತಿ," ಸ್ನೇಹಲ್ ಎದ್ದು ನಿಂತಳು. "ಮೇಡಂ, ಇದನ್ನ ನಾವು ನಡುವ ಇಡತೇವ್ರಿ. ಹೆಸರ ಹಿಂಗ ಹಾಕತೇವಿ: ಮಲಕಾಜಪ್ಪ, ಬೈಲಹೊಂಗಲ."

ಶೈಲಶ್ರೀ ಆ ಎರಡು ಶಬ್ದಗಳನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಎರಡು ಕಾಲು, ಮೂರು ಕಾಲು, ಏನೂ ಇಲ್ಲ. ಬರೀ ಮಲಕಾಜಪ್ಪ, ಬೈಲಹೊಂಗಲ. ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಅವಳು ಹಗುರಾದಳು.

"ಒಂದ ತಿಳೀವಲ್ದು," ಸ್ನೇಹಲ್ ಎಡತೋಳಿನ ಚಪ್ಪಟೆ ಜಾಗ ತೋರಿಸಿದಳು. "ಇದು ಬಿದ್ದ ಏಟ ಅಲ್ಲರಿ. ಅಂಚು ಅರ ಹಾಕಿ ಉಜ್ಜ್ಯಾರ, ನುಣ್ಣಗ ಮಾಡ್ಯಾರ. ಬೇಕಂತನ ಮಾಡಿದ್ದು. ಆದರ ಒಂದ ಕಡೆ ಯಾಕ? ಅದೂ ಎಡಕ್ಕ?"

ಭರಮಪ್ಪನ ಎದೆ ಈಗ ಧಸಕ್ಕೆಂದಿತು. ಅದನ್ನೇ ತುಂಬಿ ಗುಂಡಗೆ ಮಾಡಲು ಹೊರಟಿದ್ದ ಪುಣ್ಯಾತ್ಮ! "ಎಲಿ ಅಡಕಿ ಡಬ್ಬಿ ಇಡಾಕ ಇರಬೇಕರಿ" ಎಂದು ಬಾಯಿಗೆ ಬಂದದ್ದು ಹೇಳಿದ. ಶೈಲಶ್ರೀಗೂ ಗೊತ್ತಿರಲಿಲ್ಲ. ಅಪ್ಪ ಹೇಳಿರಲಿಲ್ಲ.

ಇಷ್ಟು ಹೊತ್ತೂ ಶೈಲಶ್ರೀಯ ಅವ್ವ ಬಾಯವ್ವ ಪಡಸಾಲೆಯ ಕಂಬಕ್ಕೊರಗಿ ನಿಂತು ನೋಡುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಕಣ್ಣು ಇನ್ನೂ ಚುರುಕು. "ಇದನ್ನ ಮುಂಬೈಕ ಒಯ್ಯಾಕಿಯೇನವಾ?" ಅಂದಳು.

"ಹೂಂನ್ರಿ ಅಮ್ಮಾ."

"ಹಂಗಾರ ತಡಿ. ಒಂದ ಸಲ ಕುಂದರತೇನಿ."

ಶೈಲಶ್ರೀ ಬೆಕ್ಕಸಬೆರಗಾದಳು. ಭರಮಪ್ಪ ಓಡಿಹೋಗಿ ಗಾಡಿಯಿಂದ ಬೆಳ್ಳಿ ಕಾಲುಗಳನ್ನು ತಂದ. ಬಾಯವ್ವ ಅವನ್ನೂ ಕುರ್ಚಿಯನ್ನೂ ನೋಡಿ, "ಅವು ಬ್ಯಾಡೋ ತಮ್ಮಾ" ಅಂದಳು. ಅವನು ಅವನ್ನು ಕಂಕುಳಲ್ಲಿಟ್ಟುಕೊಂಡು, ಕೈ ಚಾಚಿ ಹಿಂದೆ ನಿಂತ. ಮುದುಕಿ ಮಗಳ ರಟ್ಟೆ ಹಿಡಿದು ಬಗ್ಗಿ ಕುಳಿತಳು.

ಕುರ್ಚಿ ಜಗ್ಗಿತು. "ಯಪ್ಪಾ, ಹೊಂಟ್ನೋ!" ಎಂದು ಬಾಯವ್ವ ಕಣ್ಣು ಮುಚ್ಚಿ ಕಿರುಚಿದಳು. ಕುರ್ಚಿ ಮೆಲ್ಲಗೆ ಮೇಲೆದ್ದಿತು. ಅವಳು ಒಂದು ಕಣ್ಣು ತೆರೆದು, ಬಿದ್ದಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು ಇನ್ನೊಂದನ್ನೂ ತೆರೆದಳು. ತಾನೇ ಸ್ವಲ್ಪ ಜೀಕಿ ನೋಡಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ರೂಢಿಯಂತೆ ಒಂದು ಕಾಲು ಮೇಲಕ್ಕೆಳೆದುಕೊಂಡಳು, ಇನ್ನೊಂದನ್ನೂ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿದಳು. ಆಸನ ಅವಳಿಗೆ ಅಳತೆ ತೆಗೆದಂತೆ ಸರಿಹೋಯಿತು.

ಶೈಲಶ್ರೀ ಒಳಗಿನಿಂದ ಎಲ್ಲರಿಗೂ ಚಾ ತಂದಳು. ಬಾಯವ್ವ ಕಪ್ಪನ್ನು ಕೆಳಗಿನ ಬಶಿಯ ಸಮೇತ ಎಡಗೈಯಲ್ಲಿ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಸ್ನೇಹಲ್‌ಳನ್ನು ಸವದತ್ತಿಯಲ್ಲಿ ಯಾರ ಪೈಕಿ ಎಂದು ಕೇಳುತ್ತ, ನೋಡದೆಯೇ, ಬಶಿ ಸಮೇತ ಕಪ್ಪನ್ನು ಎಡಕ್ಕೆ ಇಳಿಸಿದಳು.

ಬಶಿಯ ತಳ ಆ ಚಪ್ಪಟೆ ಜಾಗದ ಮೇಲೆ ಕೂತುಕೊಂಡಿತು. ಜಾರಲಿಲ್ಲ, ವಾಲಲಿಲ್ಲ.

ಎಲ್ಲರೂ ಅತ್ತ ನೋಡುವುದನ್ನು ಕಂಡು ಬಾಯವ್ವನೂ ನೋಡಿದಳು. ಬಶಿ ಸಮೇತ ಕಪ್ಪನ್ನು ಎತ್ತಿದಳು. ಮತ್ತೆ ಅಲ್ಲೇ ಇಟ್ಟಳು. ಮತ್ತೆ ಸರಿಯಾಗಿ ಕೂತಿತು.

"ಎಡಗೈಲೆ ಚಾ ಕುಡೀತಾಳ ಅಂತ ಅತ್ತಿ ದಿನಾ ಬೈತಿದ್ಲು," ಅಂದಳು ಮಗಳ ಕಡೆ ನೋಡಿ. "ನಿಮ್ಮಪ್ಪ ಒಂದ ಮಾತ ಆಡ್ತಿದ್ದಿಲ್ಲ. ಹೇಣ್ತಿ ಪರ ಒಂದ ಮಾತ ಆಡಲಾರದಾವ ಎಂಥಾ ಗಂಡಸ ಅಂತ ನನಗ ಸಿಟ್ಟ ಬರತಿತ್ತ."

ಆಮೇಲೆ ಅವಳು ಎಡಗೈಯಿಂದ ಆ ಚಪ್ಪಟೆ ಜಾಗದ ಅಂಚನ್ನು ಸವರಿದಳು. ಶೈಲಶ್ರೀ ಬಂದು ಅವ್ವನ ಕಾಲ ಬಳಿ ನೆಲದ ಮೇಲೆ ಕುಳಿತಳು. ಊರು ಕಾಲು ಎಣಿಸುತ್ತ ನಗುತ್ತಿದ್ದಾಗ ಅಪ್ಪ ಈ ಎಡಗೈಯನ್ನು ನೋಡುತ್ತಿದ್ದ.

ಸ್ನೇಹಲ್ ಅಂಜುತ್ತ ಕೇಳಿದಳು, "ಅಮ್ಮಾ, ಒಯ್ಯಲ್ರಿ? ಬ್ಯಾಡಂದ್ರ ಇಲ್ಲೇ ಇರ್ಲಿ."

"ಒಯ್ಯವಾ. ಅವರ ಹೆಸರ ಹಾಕ್ತಿಯಲ್ಲ, ಒಯ್ಯಿ. ಎಡಗೈದಾಕಿಗೆ ಮಾಡಿದ್ದು ಅಂತನೂ ಹಾಕು." ಬಾಯವ್ವ ಖಾಲಿ ಕಪ್ಪನ್ನು ಮಗಳ ಕೈಗೆ ಕೊಟ್ಟಳು. "ಆದರ ಈಗ ಅವಸರ ಮಾಡಬ್ಯಾಡ. ಶೈಲಾ, ಇನ್ನೊಂದ ಕಪ್ ಹಾಕ್ಕೊಂಡ ಬಾ. ನಾ ಇನ್ನೂ ಕುಂತೇನಿ."